ಅಣ್ಣ ಒರಗುತ್ತಿದ್ದ ಕಂಬ

ಅಣ್ಣ ಮೈಲಾರಪ್ಪ ದಿನಾ ಸಂಜೆ ಪಡಸಾಲೆಯ ಕಂಬಕ್ಕೆ ಒರಗಿ ಕುಲದೇವರು ಬೀರಪ್ಪನ ಕಥೆಯ ಪದ ಹೇಳುತ್ತಿದ್ದ. ಸಾಲಿಗೊಮ್ಮೆ ‘ಹೂಂ’ ಅನ್ನುವುದು ನನ್ನ ಕೆಲಸ. ನಾನು ಹೂಂ ಅನ್ನದೆ ಮುಂದಿನ ಸಾಲು ಬರುತ್ತಿರಲಿಲ್ಲ. ಹೋದ ಶಿವರಾತ್ರಿಯ ಹೊತ್ತಿಗೆ, ಪದ ಇನ್ನೂ ಅರ್ಧವಿರುವಾಗಲೇ ತೀರಿಕೊಂಡ. ಮನೆಯಲ್ಲಿ ನಾನೊಬ್ಬಳೇ ಉಳಿದೆ.

ಮಳೆಗಾಲ ಮುಗಿದ ಮೇಲೆ ಆ ಕಂಬದ ಬುಡದಲ್ಲಿ ಜೋಳದ ಹಿಟ್ಟಿನಂಥ ಪುಡಿ ಬೀಳತೊಡಗಿತು. ಒಳಗೆ ಹುಳು ಮರ ಕೊರೆಯುವ ಸದ್ದು. ಕರ್‌ರ್, ಕರ್‌ರ್ ಅಂದು ನಿಂತುಬಿಡುತ್ತಿತ್ತು. ಒಂದು ಸಂಜೆ ಬಾಯಿತಪ್ಪಿ ಹೂಂ ಅಂದೆ. ಸದ್ದು ಮುಂದುವರಿಯಿತು. ಸುಮ್ಮನಾದೆ, ಅದೂ ಕಾದು ನಿಂತಿತು. ಅಂದಿನಿಂದ ಸಂಜೆಗಳು ಅಷ್ಟು ಭಾರವಾಗಲಿಲ್ಲ.

ಆದರೆ ಮಾಳಿಗೆ ಜಗ್ಗಿತು. ಮಕ್ತಲ್‌ನಿಂದ ಬಡಿಗ ಈಶ್ವರಾಚಾರಿಯನ್ನು ಕರೆಸಿದೆ. ಅವನು ಉಳಿಯಿಂದ ಕೆತ್ತಿ ನೋಡಿದ.

“ಹುಳ ಎಂದೋ ಬಿಟ್ಟು ಹೋಗ್ಯಾವ ಅಕ್ಕಾ. ಬರೇ ಟೊಳ್ಳು ಐತಿ. ಇದರ ಕೆಳಗ ಹೆಂಗ ಮಲಗ್ತೀರಿ? ನಾಳಿಗೆ ಕಿತ್ತು ಹಾಕ್ತೀನಿ.”

“ಸದ್ದು ಬರತೈತಲ್ಲಪ್ಪ?”

“ಹುಳ ನಿಮ್ಮ ಕಿವ್ಯಾಗ ಹೊಕ್ಕಾವ ತಗೋರಿ!” ಎಂದು ನಗುತ್ತಾ ಕಂಬಕ್ಕೆ ಕಿವಿ ಹಚ್ಚಿದ.

ಮತ್ತೆ ಕಿವಿ ತೆಗೆಯಲಿಲ್ಲ. ಮುಖದ ನಗು ಇಳಿಯಿತು. ಹೊರಗೆ ಹೊತ್ತು ಮುಳುಗುತ್ತಿತ್ತು. ಹೂಂ ಅನ್ನುವ ಸಂಗತಿಯನ್ನು ನಾನು ಯಾರಿಗೂ ಹೇಳಿದವಳಲ್ಲ.

“ಹೂಂ,” ಅಂದ ಈಶ್ವರಾಚಾರಿ.

ತುಸು ಹೊತ್ತಾದ ಮೇಲೆ ಮತ್ತೆ, “ಹೂಂ.”