ಹದಿನಾಲ್ಕು ಮಂದಿಯ ಜವಾಬು

ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಟಂಟಂ ಆಟೊ ಗೊರೇಬಾಳದ ಕಾಲುವೆ ದಾಟಿ ನಿಂತಿತು. ಸಂತೆಕಲ್ಲೂರಿನ ಹದಿನಾಲ್ಕು ಹೆಂಗಸರು ಬುತ್ತಿಗಂಟು ಹಿಡಿದು ಇಳಿದರು. ಬಸ್ಸಪ್ಪನ ಗದ್ದೆಯಲ್ಲಿ ಆಗಲೇ ಬೇರೆ ಹೆಂಗಸರಿದ್ದರು. ಎರಡು ಮಡಿಯ ನಾಟಿ ಮುಗಿದೂ ಇತ್ತು.

ಗುಂಪಿನ ಮೇಸ್ತ್ರಿ ಮಾರೆಮ್ಮ ಬದುವಿನ ಮೇಲೆಯೇ ನಿಂತಳು.

“ಇದೇನ್ರೀ ಸಾವ್ಕಾರ್ರ? ನೀವು ಕರದಿದ್ದು ನಮಗಲ್ಲೇನು?”

“ಕರದೆ, ಖರೇ. ನೀವು ಜವಾಬು ಕೊಟ್ರೇನು?”

“ಕೊಟ್ಟೀವಿ!”

ಬಸ್ಸಪ್ಪ ಜೇಬಿನಿಂದ ಫೋನು ತೆಗೆದು ಒಬ್ಬೊಬ್ಬರ ಮುಖದ ಮುಂದೆಯೂ ಹಿಡಿದ. ಸೋಮವಾರ ನಾಟಿಗೆ ಹದಿನಾಲ್ಕು ಮಂದಿ ಬೇಕು ಎಂಬ ಅವನ ಕರೆ ಅಲ್ಲಿತ್ತು. ಕೆಳಗೆ ಜವಾಬು — ಸೊನ್ನೆ. ಆ ಹೆಂಗಸರಲ್ಲಿ ಹೆಚ್ಚಿನವರಿಗೆ ಓದು ಬಾರದು. ಸೊನ್ನೆ ಎಲ್ಲರಿಗೂ ಗೊತ್ತು.

ಇಪ್ಪತ್ತು ವರ್ಷ ಮಾರೆಮ್ಮನ ಪಕ್ಕದ ಸಾಲಿನಲ್ಲೇ ಸಸಿ ನೆಟ್ಟ ಪೀರಮ್ಮ ಮೊದಲು ಸೊನ್ನೆಯನ್ನು ನೋಡಿದಳು, ಆಮೇಲೆ ಗೆಳತಿಯ ಮುಖವನ್ನು.

“ಮಾರೆವ್ವ, ನೀ ಗುಂಡಿ ಒತ್ತಿದ್ದಿಲ್ಲೇನ?”

ಇಷ್ಟೂ ನನಗೆ ಗೊತ್ತಾದದ್ದು ಬುಧವಾರ, ಮಾರೆಮ್ಮ ಮಸ್ಕಿಯ ನನ್ನ ಕೋಣೆಗೆ ಹುಡುಕಿಕೊಂಡು ಬಂದಾಗ. ಜವಾಬನ್ನು ಯಾರೋ ಅಳಿಸಿದ್ದಾರೆ ಎಂಬುದು ಅವಳ ದೂರು. ನಾನು — ದುರುಗೇಶ — ಚಾವಡಿಯ ಮಸ್ಕಿಯ ಯಂತ್ರ ನೋಡಿಕೊಳ್ಳುವವನು.

ಚಾವಡಿ ಎಂಬುದು ಕೆಲಸದ ಕರೆ, ಜವಾಬು, ಸುದ್ದಿ ಕಳಿಸಲು ಮೂರು ಊರಿನವರು ಸೇರಿ ಕಟ್ಟಿಕೊಂಡ ಫೋನಿನ ಜಾಲ. ಸಿಂಧನೂರು, ಲಿಂಗಸುಗೂರು, ಮಸ್ಕಿ — ಮೂರು ಕಡೆ ಮೂರು ಯಂತ್ರ, ಅಂದರೆ ಕಂಪ್ಯೂಟರ್. ಒಂದರಲ್ಲಿ ಬಿದ್ದ ಮಾತು ಉಳಿದೆರಡಕ್ಕೂ ನಕಲಾಗುತ್ತದೆ. ಯಜಮಾನ ಯಾರೂ ಇಲ್ಲ. ಒಳಗಿನ ಮಾತು ಒಂದೇ. ಅದನ್ನು ಯಾವ ಬಾಗಿಲಿನಿಂದ ನೋಡಬೇಕೆಂಬುದು ಅವರವರ ಇಷ್ಟ. ಬಣ್ಣ, ಚಿತ್ರ ಎಲ್ಲ ಇರುವ ನನ್ನ ಆ್ಯಪ್ ಒಂದು ಬಾಗಿಲು. ಓದು ಬಾರದವರಿಗೆ ಒಂದು ಫೋನ್ ನಂಬರು. ಕರೆ ಮಾಡಿದರೆ ಅಂದಿನ ಮಾತುಗಳನ್ನು ಕೇಳಿಸುತ್ತದೆ, ಬೀಪ್ ಆದಮೇಲೆ ನಾವೂ ಮಾತಾಡಬಹುದು. ಮೂರನೆಯದು ಲಿಂಗಸುಗೂರಿನ ಅಸ್ಮಾ ಹಳೆಯ ಫೋನಿನವರಿಗಾಗಿ ಮಾಡಿದ ಬರೀ ಅಕ್ಷರದ ಪುಟ; ಧ್ವನಿ ಇದ್ದರೆ ಒತ್ತಿ ಕೇಳಬಹುದು. ಅದನ್ನು ನೋಡುವವರು ಒಂಬತ್ತು ಜನ. ಇಷ್ಟು ಬಾಗಿಲು ಯಾಕೆ, ನನ್ನದೊಂದೇ ಸಾಕು, ಮುಚ್ಚಿಬಿಡು ಎಂದು ಅವಳಿಗೆ ಎರಡು ಸಲ ಹೇಳಿದ್ದೆ.

ಜಾಲದಲ್ಲಿ ತಕರಾರು ಬಂದರೆ ಬಗೆಹರಿಸುವವರು ಯಶೋಧರಕ್ಕ. ಲಿಂಗಸುಗೂರಿನ ಸರ್ಕಾರಿ ಕಚೇರಿಯೊಂದರ ದಾಖಲೆ ಕೋಣೆಯಲ್ಲಿ ಇಪ್ಪತ್ತಾರು ವರ್ಷದಿಂದ ಕೆಲಸ ಮಾಡುತ್ತಿರುವವರು. ನನ್ನ ಫೋನು ಮುಟ್ಟಿದ ಮರುದಿನವೇ ರಜೆ ಹಾಕಿ ಬಸ್ಸು ಹತ್ತಿ ಮಸ್ಕಿಗೆ ಬಂದರು, ಮಾರೆಮ್ಮನನ್ನೂ ನನ್ನ ಕೋಣೆಗೆ ಕರೆಸಿದರು.

“ಮಾರೆಮ್ಮ, ಜವಾಬು ಹೆಂಗ ಕೊಟ್ರಿ? ಮೊದಲಿಂದ ಹೇಳ್ರಿ.”

“ಶುಕ್ರವಾರ ಸಂಜಿಮುಂದರೀ. ನಮ್ಮ ಮನಿ ಮುಂದ ಎಲ್ಲಾರೂ ಕುಂತಿದ್ದಿವಿ. ಫೋನು ಹಚ್ಚಿದಿವಿ, ಹೇಳಿದಿವಿ.”

“ನೀವೊಬ್ಬರ ಹೇಳಿದ್ರೇನು?”

ಮಾರೆಮ್ಮನಿಗೆ ಆಶ್ಚರ್ಯವಾಯಿತು. “ಒಬ್ಬಾಕಿ ಬಾಯಿಲೆ ಹದಿನಾಲ್ಕು ಮಂದಿ ಮಾತು ಹೆಂಗ ಕೊಡೂದ್ರಿ ಅಕ್ಕಾರ? ಯಾರ ಮಾತು ಅವರ ಕೊಡಬೇಕು. ನಮ್ಮವ್ವನ ಕಾಲದಿಂದ ಹಂಗ ಐತಿ. ಫೋನು ಕೈಯಿಂದ ಕೈಗೆ ಹ್ವಾತು. ನಾ ಪೀರಮ್ಮ, ಬರ್ತೀನಿ. ನಾ ಶಿವಗಂಗಾ, ಬರ್ತೀನಿ. ಒಬ್ಬೊಬ್ಬಾಕಿದು ಮುಗಿದ ಕೂಡ್ಲೆ ನಾ ಗುಂಡಿ ಒತ್ತಿದೆ.”

ಯಶೋಧರಕ್ಕ ಅದನ್ನು ಬರೆದುಕೊಂಡರು. ಇದನ್ನೆಲ್ಲ ಬರೆದುಕೊಳ್ಳುವುದೇಕೆ ಎಂದು ನಾನು ಗಡಿಯಾರ ನೋಡಿದೆ.

“ಈಗ ಏನಾಗೇತಿ?”

“ಪೀರಮ್ಮ ಆರು ಮಂದಿನ ಕಟಗೊಂಡು, ನಮ್ಮ ಕೆಲಸ ಹಿಡದ ನರಸಣ್ಣನ ಗುಂಪಿಗೆ ಹ್ವಾದ್ಲು. ಉಳಿದವರು ನನ್ನ ಬಿಡಬೇಕೋ ಬ್ಯಾಡೋ ಅಂತ ಐತಾರ ಕೂಡತಾರ. ನಾ ನರಸಣ್ಣನ ಕಡೆ ರೊಕ್ಕ ತಿಂದು ಜವಾಬು ನುಂಗೀನಿ ಅಂತ ಮಾತಾಡಾಕತ್ತಾರ.” ಸೆರಗಿನಿಂದ ಬಾಯಿ ಒರೆಸಿಕೊಂಡಳು. “ನನಗ ಹೊಲ ಇಲ್ಲ, ಓದಿಲ್ಲ. ಮಾರೆಮ್ಮ ಅಂದ್ಲಂದ್ರ ಆತು ಅಂತಿದ್ರು. ಅದೊಂದ ಇತ್ರಿ ನನ್ನ ಹಂತ್ಯಾಕ.”

ಮಾರೆಮ್ಮನನ್ನು ಊರಿಗೆ ಕಳಿಸಿ ನಾವಿಬ್ಬರೂ ಸಿಂಧನೂರಿಗೆ ಹೋದೆವು. ಅಲ್ಲಿನ ಯಂತ್ರ ಇರುವುದು ಇಶ್ತಿಯಾಕನ ಮೊಬೈಲ್ ಅಂಗಡಿಯಲ್ಲಿ. ಮಾತು ಅಳಿಸುವ ಅಧಿಕಾರ ನನ್ನನ್ನು ಬಿಟ್ಟರೆ ಅವನಿಗೆ ಮಾತ್ರ. ನಾವು ಒಳಗೆ ಕಾಲಿಟ್ಟಾಗ ಅವನೆದುರು ಕುಳಿತು ಚಹಾ ಕುಡಿಯುತ್ತಿದ್ದವನು — ನರಸಣ್ಣ! ಮಾರೆಮ್ಮನ ಕೈತಪ್ಪಿದ ಕೆಲಸ ಹಿಡಿದವನು. ನಾನು ಯಶೋಧರಕ್ಕನ ಕಡೆ ನೋಡಿದೆ. ಇನ್ನೇನು ಬೇಕು?

“ಬರ್ರಿ ಅಕ್ಕಾ. ಏ ನರಸಣ್ಣ, ಏಳಲೇ, ಮುಂಜಾನಿಂದ ಕುರ್ಚಿ ಸವಸಾಕತ್ತಿ.”

ಯಶೋಧರಕ್ಕ ಕುಳಿತರು. “ನರಸಣ್ಣ, ಬಸ್ಸಪ್ಪ ನಿನಗ ಯಾವಾಗ ಕರದ?”

“ಐತಾರ ಮಧ್ಯಾಹ್ನ. ಮಾರೆವ್ವನ ಗುಂಪು ಬರಂಗಿಲ್ಲೇನ್ರಿ ಅಂತ ನಾನ ಕೇಳಿದೆ. ಸುದ್ದಿನ ಇಲ್ಲ ಅಂದ್ರು. ಅಕ್ಕಾ, ನಾ ಮಂದಿ ತುತ್ತು ಕಸಗೊಳ್ಳಾವಲ್ಲ. ಸಿಕ್ಕಿದ್ದು ಬಿಡಾವೂ ಅಲ್ಲ.”

“ಇಶ್ತಿಯಾಕ್, ನೀ ಏನರ ಅಳಿಸಿದೇನು?”

“ಅಲ್ಲಾನ ಕಸಮ್! ಆರು ತಿಂಗಳಿಂದ ಆ ಡಬ್ಬಿ ಮುಟ್ಟಿಲ್ಲ. ಮ್ಯಾಲಿನ ಧೂಳು ನೋಡ್ರಿ, ಜ್ವಾಳ ಬಿತ್ತಬೌದು.”

“ಧೂಳು ಸಾಕ್ಷಿ ಆಗಂಗಿಲ್ಲ,” ಎಂದೆ ನಾನು. “ಅಳಿಸಾಕ ಡಬ್ಬಿ ಮುಟ್ಟಬೇಕಂತಿಲ್ಲ. ಕುಂತಲ್ಲೇ ಅಳಿಸಬೌದು.”

“ಹಂಗಾದ್ರ ನೀನೂ ಮಸ್ಕಿಯಾಗ ಕುಂತು ಅಳಿಸಿರಬೌದಲ್ಲೋ!”

ನರಸಣ್ಣ ಚಹಾ ಚೆಲ್ಲುವಷ್ಟು ನಕ್ಕ. ನನಗೆ ಸಿಟ್ಟು ಬಂತು.

ಗೊರೇಬಾಳದಲ್ಲಿ ಬಸ್ಸಪ್ಪ ಬದುವಿನ ಮೇಲೆ ನಿಂತು ಗೊಣಗುತ್ತಿದ್ದ.

“ನನಗೇನು ಲಾಭ ಬಾಯಾರ? ಮಾರೆಮ್ಮನ ಗುಂಪಿನ ಕೈನ ಬ್ಯಾರೆ. ಇವರ ಸಾಲು ನೋಡ್ರಿ, ಎಷ್ಟು ಸೊಟ್ಟ! ಐತಾರ ಮಧ್ಯಾಹ್ನದ ತನಕ ಕಾದೆ. ಸಸಿ ಕಿತ್ತು ಇಟ್ಟಿದ್ದೆ.”

“ಒಂದು ಫೋನು ಹಚ್ಚಬಾರದಾಗಿತ್ತೇನು?”

“ಚಾವಡಿಯಾಗ ಕರದ್ರ ಚಾವಡಿಯಾಗನ ಜವಾಬು. ನೀವ ಮಾಡಿದ ಕಾಯ್ದೆ.”

ಯಶೋಧರಕ್ಕ ಅದನ್ನೂ ಬರೆದುಕೊಂಡರು. ಆಮೇಲೆ ಸಹಜವಾಗಿ ಕೇಳಿದರು: “ಇವನ ಆ್ಯಪ್ ಹೆಂಗೈತ್ರಿ?”

“ಹ್ವಾದ ತಿಂಗಳಿಂದ ಭಾಳ ಆರಾಮ್ರಿ. ಮೊದಲು ಮುಂಜಾನಿ ಎದ್ರ ಹೂವು, ಶುಭೋದಯ. ನಮ್ಮ ಮಾವ ಒಬ್ಬನ ದಿನಕ್ಕ ಇಪ್ಪತ್ತು ಕಳಸ್ತಿದ್ದ. ಈಗ ಒಂದೂ ಇಲ್ಲ. ಈ ತಮ್ಮ ಶ್ಯಾಣ್ಯಾ ಅದಾನ.”

ನಾನು ಹಿಗ್ಗಿದೆ. ಯಶೋಧರಕ್ಕ ನಗಲಿಲ್ಲ.

“ನಿಮ್ಮ ಮಾವ ಕಳಸೂದ ಬಿಟ್ಟಾನೋ?”

“ಬಿಡ್ತಾನೇನ್ರಿ! ಮೊನ್ನೆ ಸಿಕ್ಕಿದ್ದ. ನನ್ನ ಹೂವು ನೋಡಿದೇನು ಅಂತ ಕೇಳಿದ. ಹ್ಞೂಂ ಅಂದೆ.”

ಸಿಂಧನೂರಿನ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತು ಅವರು ಅಸ್ಮಾಳಿಗೆ ಫೋನು ಮಾಡಿದರು.

“ನಿನ್ನ ಬಾಗಿಲಾ ತೆರದೈತೇನವಾ?”

“ತೆರದೈತ್ರಿ ಅಕ್ಕಾ. ದುರುಗೇಶಣ್ಣ ಮುಚ್ಚು ಅಂದಿದ್ದ. ನಂದೂ ಒಂದು ಹಟ.”

ಯಶೋಧರಕ್ಕ ತಮ್ಮ ಹಳೆಯ ಫೋನಿನಲ್ಲಿ ಅಸ್ಮಾಳ ಪುಟ ತೆರೆದರು. ಬಣ್ಣವಿಲ್ಲ, ಚಿತ್ರವಿಲ್ಲ. ಬಸ್ಸಪ್ಪನ ಕರೆ. ಅದರ ಕೆಳಗೆ — ಶುಕ್ರವಾರ ಸಂಜೆ, ಧ್ವನಿ, ಮೂರು ಸೆಕೆಂಡು. ಧ್ವನಿ, ಎರಡು ಸೆಕೆಂಡು. ಧ್ವನಿ, ಮೂರು ಸೆಕೆಂಡು. ನಾನು ಎಣಿಸಿದೆ. ಹದಿನಾಲ್ಕು.

ಒಂದನ್ನು ಒತ್ತಿದರು. “ನಾ ಪೀರಮ್ಮ, ಬರ್ತೀನಿ.” ಹಿಂದೆ ಯಾರೋ ನಗುತ್ತಿದ್ದರು, ಕೋಳಿಯೊಂದು ಕೂಗಿತು.

“ಹಂಗಾದ್ರ ಯಾರೂ ಅಳಿಸಿಲ್ಲ?” ಎಂದೆ ನಾನು.

“ಅಳಿಸಿದ್ರ ಮೂರೂ ಯಂತ್ರದಾಗ ಹೋಗ್ತಿತ್ತು. ನಮ್ಮ ದಾಖಲೆ ಕೋಣ್ಯಾಗ ಒಂದು ಕಡತದಾಗ ಹೆಸರು ಸಿಗಲಿಲ್ಲಂದ್ರ ಕಳ್ಳನ್ನ ಹುಡುಕಂಗಿಲ್ಲ, ದುರುಗೇಶ. ಮೊದಲು ಇನ್ನೊಂದು ಕಡತ ತಗೀತೀವಿ. ನೀವೆಲ್ಲಾ ಸೋಮವಾರದಿಂದ ಆ್ಯಪ್ ಅನ್ನೂ ಒಂದ ಕಡತ ನೋಡಾಕತ್ತೀರಿ. ಈಗ ಹೇಳು. ಬಸ್ಸಪ್ಪನ ಮಾವ ದಿನಾ ಕಳಸೂ ಹೂವು ಎಲ್ಲಿ ಹೋಗ್ತಾವ?”

ಉತ್ತರ ನನಗೆ ಗೊತ್ತಿತ್ತು.

ಹೋದ ತಿಂಗಳು ಆ್ಯಪಿಗೆ ಒಂದು ನಿಯಮ ಬರೆದಿದ್ದೆ. ಒಂದೇ ನಂಬರಿನಿಂದ ಹದಿನೈದು ನಿಮಿಷದಲ್ಲಿ ಐದಕ್ಕಿಂತ ಹೆಚ್ಚು ಚಿಕ್ಕ ಸಂದೇಶ ಬಂದರೆ ಮೊದಲಿನವೂ ಸೇರಿ ಎಲ್ಲವೂ ಕಿರಿಕಿರಿ, ತೋರಿಸಬೇಡ, ಎಣಿಸಬೇಡ. ಯಾರಿಗೂ ಹೇಳಿರಲಿಲ್ಲ. ಹೇಳುವಂಥದ್ದೆಂದು ಅನಿಸಿರಲೂ ಇಲ್ಲ. ಜನರಿಗೆ ಏನು ಬೇಡವೆಂಬುದು ನನಗೆ ಗೊತ್ತಿದೆ ಎಂದುಕೊಂಡಿದ್ದೆ. ಹದಿನಾಲ್ಕು ಹೆಂಗಸರು ಒಂದೇ ಫೋನಿನಲ್ಲಿ ಒಬ್ಬೊಬ್ಬರಾಗಿ ಮಾತು ಕೊಡುತ್ತಾರೆಂಬುದು ನನಗೆ ಗೊತ್ತಿರಲಿಲ್ಲ. ಮಾರೆಮ್ಮ ಬಂದಾಗ ನಾನು ಹುಡುಕಿದ್ದೂ ನನ್ನ ಆ್ಯಪಿನಲ್ಲೇ.

“ನನಗ ಒಂದು ಹೆಸರು ಹೇಳಬೇಕಾಗೇತಿ,” ಎಂದರು ಯಶೋಧರಕ್ಕ. ಅವರ ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ. “ಇಶ್ತಿಯಾಕ್ ಅಲ್ಲ, ನರಸಣ್ಣ ಅಲ್ಲ, ಬಸ್ಸಪ್ಪ ಅಲ್ಲ. ನೀನ, ದುರುಗೇಶ.”

ಮಸ್ಕಿಯ ಬಸ್ಸು ಬಂತು, ಹೋಯಿತು. ನಾವು ಹತ್ತಲಿಲ್ಲ.

ಅಸ್ಮಾ ನನ್ನ ಮಾತು ಕೇಳಿದ್ದರೆ? ಎಲ್ಲರೂ ನನ್ನ ಬಾಗಿಲಲ್ಲೇ ಬಂದುಹೋಗುವಂತಾಗಿದ್ದರೆ? ಆ ಹದಿನಾಲ್ಕು ದನಿಗಳು ಮೂರೂ ಯಂತ್ರಗಳಲ್ಲಿ ಭದ್ರವಾಗಿಯೇ ಇರುತ್ತಿದ್ದವು. ಕೇಳುವವರು ಇರುತ್ತಿರಲಿಲ್ಲ, ಅಷ್ಟೆ. ಮಾರೆಮ್ಮ ಸುಳ್ಳುಗಾತಿಯಾಗಿಯೇ ಮುದುಕಿಯಾಗುತ್ತಿದ್ದಳು.

ಶುಕ್ರವಾರ ಅವಳನ್ನು ಕರೆದುಕೊಂಡು ಗೊರೇಬಾಳಕ್ಕೆ ಹೋದೆವು. ನಡೆದದ್ದನ್ನು ದಾರಿಯಲ್ಲೇ ಹೇಳಿದ್ದೆ. ಬೈಯಲಿ ಎಂದು ಕಾದೆ. ಅವಳು ಬೈಯಲಿಲ್ಲ. “ಹಂಗಾದ್ರ ಪೀರಮ್ಮಗ ಕೇಳಸಬೇಕು,” ಎಂದಳು, ಅಷ್ಟೇ.

ಬಸ್ಸಪ್ಪ ಹದಿನಾಲ್ಕನ್ನೂ ನಿಂತು ಕೇಳಿದ. ರುಮಾಲು ಬಿಚ್ಚಿ ಮುಖ ಒರೆಸಿಕೊಂಡ. “ತಪ್ಪಾತು ಮಾರೆಮ್ಮ. ಮುಂದಿನ ಹಂಗಾಮಿಗೆ ನೀವ ಬರಬೇಕು.”

“ಅದು ಮುಂದಿಂದು ಸಾವ್ಕಾರ್ರ.”

ಪೀರಮ್ಮ ನರಸಣ್ಣನ ಗುಂಪಿನೊಡನೆ ನಡುಗದ್ದೆಯಲ್ಲಿದ್ದಳು. ಕರೆದಾಗ ಮೊಣಕಾಲುದ್ದ ಕೆಸರಲ್ಲಿ ನಿಧಾನವಾಗಿ ಬದುವಿಗೆ ಬಂದಳು. ಯಶೋಧರಕ್ಕ ಫೋನನ್ನು ಅವಳ ಕಿವಿಗೆ ಹಿಡಿದರು.

ಪೀರಮ್ಮ ತನ್ನ ದನಿಯನ್ನು ತಾನೇ ಕೇಳಿದಳು. ಮತ್ತೊಮ್ಮೆ ಕೇಳಿಸಲು ಹೇಳಿದಳು.

“ನನ್ನ ಬಾಯಿಲೆ ನಾನ ಹೇಳಿದ್ದೆ,” ಎಂದಳು ಕೊನೆಗೆ. “ಗುಂಡಿ ಒತ್ತಿದ್ದೂ ನನ್ನ ಕಣ್ಣಿಲೆ ನೋಡಿದ್ದೆ. ಅಂವ ಸೊನ್ನಿ ತೋರಿಸಿದ. ಇಪ್ಪತ್ತು ವರ್ಸ ಬಿಟ್ಟು ಸೊನ್ನಿ ನಂಬಿದೆ ನೋಡು ಮಾರೆವ್ವ.”

“ಆತು ಬಿಡು. ಎಲ್ಲಾರನ್ನೂ ಕರಕೊಂಡು ಬಾ. ಹೋಗೂಣು.”

ಪೀರಮ್ಮ ಹಿಂದೆ ತಿರುಗಿ ನೋಡಿದಳು. ಅವಳಿಲ್ಲದ ಜಾಗದಲ್ಲಿ ಸಾಲು ತುಂಡಾಗಿತ್ತು. ಉಳಿದವರು ಬಗ್ಗಿದಲ್ಲೇ ಕಾಯುತ್ತಿದ್ದರು.

“ನರಸಣ್ಣಗ ಮಾತು ಕೊಟ್ಟೀವಿ. ನಾಟಿ ಮುಗಿಯೂತನ.”

ಮಾರೆಮ್ಮ ಬೇಡಿಕೊಳ್ಳುತ್ತಾಳೆ ಎಂದುಕೊಂಡೆ. ತಪ್ಪು ಇವರದಲ್ಲವಲ್ಲ, ಬರಲು ಅಡ್ಡಿಯೇನು ಎಂದು ನಾನೇ ಹೇಳಲು ಮುಂದಾದೆ. ಯಶೋಧರಕ್ಕ ಕಣ್ಣಲ್ಲೇ ತಡೆದರು.

“ಕೊಟ್ಟಿದ್ರ ಹೋಗು,” ಎಂದಳು ಮಾರೆಮ್ಮ. “ಸಾಲು ನಿಂತೈತಿ.”

ಪೀರಮ್ಮ ಕೆಸರಿಗಿಳಿದಳು. ನಿಯಮವನ್ನು ನಿನ್ನೆಯೇ ಕಿತ್ತುಹಾಕಿದ್ದೇನೆ, ಇನ್ನು ಹೀಗಾಗುವುದಿಲ್ಲ ಎಂದು ಮಾರೆಮ್ಮನಿಗೆ ಹೇಳಬೇಕೆಂದಿದ್ದೆ. ಆದರೆ ಅವಳು ಪೀರಮ್ಮ ತನ್ನ ಜಾಗ ತಲುಪಿ ಬಗ್ಗುವವರೆಗೂ ನೋಡುತ್ತ ನಿಂತಿದ್ದಳು, ಆಮೇಲೆ ಯಾರ ಮುಖವನ್ನೂ ನೋಡದೆ ರಸ್ತೆಯ ಕಡೆ ಹೊರಟಳು.