ಲಾಂಡ್ರಿಯ ಚಾರ್ಜಿಂಗ್ ಬೋರ್ಡು

ಸೋಮವಾರ ಬೆಳಿಗ್ಗೆ ಹತ್ತೂಕಾಲರ ಹೊತ್ತಿಗೆ ಬಸ್ ಚಾಲಕನೊಬ್ಬ ಠಾಣೆಗೆ ಬಂದು, ಒಂದು ಪ್ಲಾಸ್ಟಿಕ್ ಚೀಲವನ್ನು ದಫೇದಾರರ ಮೇಜಿನ ಮೇಲಿಟ್ಟ. ಮೈಮೇಲೆ ಸಮವಸ್ತ್ರವಿತ್ತು, ಕಣ್ಣು ನಿದ್ದೆಗೆಟ್ಟು ಕೆಂಪಾಗಿತ್ತು. ಚೀಲದೊಳಗೆ ಒಂದು ಮೊಬೈಲ್ ಫೋನು. ಅದರ ಲೋಹದ ಅಂಚು ಒಂದು ಕಡೆ ಕಪ್ಪಿಟ್ಟಿತ್ತು.

“ಇದು ನನ್ನ ಹೆಂಡ್ತಿಗೆ ಶಾಕ್ ಹೊಡೀತು ಸಾರ್.”

“ಫೋನು ಶಾಕ್ ಹೊಡೀತಾ? ನಮ್ಮನೇಲಿ ಅದರ ಬಿಲ್ಲು ಹೊಡೆಯುತ್ತೆ,” ಎಂದು ದಫೇದಾರರು ನಕ್ಕರು. ಚಾಲಕ ನಗಲಿಲ್ಲ. ದಫೇದಾರರು ನಗುವನ್ನು ಅರ್ಧಕ್ಕೇ ನುಂಗಿ, ತಾವು ಕೂತಿದ್ದ ಕುರ್ಚಿಯನ್ನೇ ಅವನ ಕಡೆ ತಳ್ಳಿದರು.

ಒಳಕೋಣೆಯಿಂದ ಇನ್ಸ್‌ಪೆಕ್ಟರ್ ಎದ್ದು ಬಂದರು. ಆಕೆ ಈ ಠಾಣೆಗೆ ವರ್ಗವಾಗಿ ಬಂದು ಹೆಚ್ಚು ದಿನವಾಗಿರಲಿಲ್ಲ. ಮಾತು ಕಡಿಮೆ, ಕೇಳುವುದು ಜಾಸ್ತಿ.

“ಎಲ್ಲಿ ಆಯ್ತು?”

“ಲಾಂಡ್ರೀಲಿ ಮೇಡಂ. ಆಸ್ಪತ್ರೆ, ಹೋಟೆಲ್ಲಿನ ಬೆಡ್‌ಶೀಟ್ ಒಗೀತಾರಲ್ಲ, ಅಲ್ಲಿ. ಶನಿವಾರ ಮಧ್ಯಾಹ್ನ. ಇಸ್ತ್ರಿ ರೋಲರ್ ಪಕ್ಕದಲ್ಲೇ ಚಾರ್ಜಿಂಗ್ ಬೋರ್ಡಿದೆ. ಫೋನ್ ಎತ್ತಿದಳು, ಬಿದ್ದಳು. ಎದೆ ಬಡಿತಾನೇ ನಿಂತಿತ್ತಂತೆ.”

“ಈಗ?”

“ಬದುಕಿದಾಳೆ. ಅಲ್ಲಿಯ ಮೆಕ್ಯಾನಿಕ್ಕು ಎದೆ ಒತ್ತಿ ಉಳಿಸಿದ. ಅವನ ಋಣ ಏಳು ಜನ್ಮಕ್ಕೂ ತೀರಲ್ಲ. ಆದ್ರೆ ಮಾಲೀಕರು ನಿಮ್ಮ ಫೋನೇ ಕಳಪೆ, ನಮಗೂ ಅದಕ್ಕೂ ಸಂಬಂಧ ಇಲ್ಲ ಅಂತಾರೆ.”

“ನೀವೇನಂತೀರಿ?”

“ಮನೇಲಿ ಅದೇ ಫೋನನ್ನ ದಿನಾ ನಾನೇ ಚಾರ್ಜಿಗೆ ಹಾಕ್ತೀನಿ. ಒಂದು ದಿನಾನೂ ಚುರ್ ಅಂದಿಲ್ಲ.”

ಎಫ್‌ಐಆರ್ ದಾಖಲಾಯಿತು.

ಲಾಂಡ್ರಿಯ ಒಳಗೆ ಕಾಲಿಟ್ಟರೆ ಬಿಸಿ ಹಬೆ ಮುಖಕ್ಕೆ ರಾಚುತ್ತಿತ್ತು. ನೆಲ ಎಂದೂ ಒಣಗದ ನೆಲ. ಉದ್ದನೆಯ ಕೊಳವೆಗಳಿಂದ ಬಿಸಿನೀರು ಚರಂಡಿಗೆ ಸುರಿಯುತ್ತಿತ್ತು. ಕೋಣೆಯ ನಟ್ಟನಡುವೆ ಇಸ್ತ್ರಿ ಯಂತ್ರ: ಒದ್ದೆ ಬೆಡ್‌ಶೀಟಿನ ಅಂಚನ್ನು ಹೆಂಗಸರು ಎರಡೂ ಕಡೆ ಹಿಡಿದು ಬಿಸಿ ರೋಲರಿನ ಬಾಯಿಗೆ ಕೊಡಬೇಕು, ಆ ಕಡೆಯಿಂದ ಅದು ಗರಿಗರಿಯಾಗಿ ಹೊರಬರುತ್ತದೆ. ಬೆರಳು ಒಂದು ಗೇಣು ಮುಂದೆ ಹೋದರೂ ರೋಲರಿಗೆ ಬಟ್ಟೆ ಯಾವುದು, ಕೈ ಯಾವುದು ಎಂಬ ಭೇದವಿಲ್ಲ.

“ನಮ್ಮ ಬೋರ್ಡು ಮುಟ್ಟಬೇಡಿ ಮೇಡಂ, ಅದೆಲ್ಲ ಸರಿಯಾಗಿದೆ,” ಎಂದು ಯಾರೂ ಏನೂ ಕೇಳುವ ಮೊದಲೇ ಮಾಲೀಕ ಹೇಳಿದ.

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು,” ಎಂದು ದಫೇದಾರರು ಮೀಸೆಯಡಿಯಲ್ಲೇ ಗೊಣಗಿದರು.

ಇಬ್ಬರು ಪಂಚರ ಸಮಕ್ಷಮ ವಿದ್ಯುತ್ ಪರಿವೀಕ್ಷಕರು ಬೋರ್ಡಿನ ಮುಚ್ಚಳ ಬಿಚ್ಚಿದರು. ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಇಕ್ಕಳದ ತುದಿಯಿಂದ ಒಂದು ಪುಟ್ಟ, ಸುಟ್ಟ ಬಿಡಿಭಾಗವನ್ನು ತೋರಿಸಿದರು.

“ಇದು ಇಲ್ಲಿರಬೇಕಾದ್ದಲ್ಲ. ಕೆಪಾಸಿಟರ್. ಗೋಡೆಯ ಕರೆಂಟಿಗೂ ಫೋನಿಗೆ ಹೋಗೋ ತಂತಿಗೂ ನಡುವೆ ಯಾರೋ ಬೆಸುಗೆ ಹಾಕಿದಾರೆ. ಬೆಸುಗೆ ಎಷ್ಟು ಚೊಕ್ಕಟವಾಗಿದೆ ನೋಡಿ.”

“ಇದ್ರಿಂದ ಏನಾಗುತ್ತೆ?”

“ಸರಿಯಿರೋ ತನಕ ಚೂರೇ ಚೂರು ಕರೆಂಟ್ ಬಿಡುತ್ತೆ. ಚಾರ್ಜ್ ಆಗ್ತಿರೋ ಫೋನ್ ಮುಟ್ಟಿದ್ರೆ ಇರುವೆ ಕಚ್ಚಿದ ಹಾಗೆ. ಕೊಲ್ಲಲ್ಲ, ಬೆಚ್ಚಿಬೀಳಿಸುತ್ತೆ. ಆದ್ರೆ ಇದೇ ಸುಟ್ಟುಹೋದ್ರೆ ತಡೆ ಅನ್ನೋದೇ ಇಲ್ಲ. ಪೂರ್ತಿ ಕರೆಂಟು ಫೋನಿಗೆ.”

ಬೋರ್ಡನ್ನು ಜಪ್ತಿ ಮಾಡಿ, ಪಂಚನಾಮೆಗೆ ಸಹಿ ಮಾಡಿಸಿಕೊಂಡರು. ಮಾಲೀಕನ ಮುಖ ಒಗೆದ ಬಟ್ಟೆಗಿಂತ ಬೆಳ್ಳಗಾಗಿತ್ತು. ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ ಎಂದು ಇನ್ಸ್‌ಪೆಕ್ಟರಿಗೆ ಅನ್ನಿಸಿತು. ಬೇರೇನನ್ನೋ ಮುಚ್ಚಿಡುತ್ತಿದ್ದಾನೆ ಎಂದೂ ಅನ್ನಿಸಿತು.

ಬಟ್ಟೆ ಮಡಚುವ ಹೆಂಗಸೊಬ್ಬಳು ಹೇಳಿಕೆ ಕೊಟ್ಟಳು. “ಅಕ್ಕ ದಢಾರಂತ ಬಿದ್ದಳು ಮೇಡಂ. ನಾವೆಲ್ಲ ರೋಲರೇ ಕರೆಂಟ್ ಹೊಡೀತು ಅಂದ್ಕೊಂಡ್ವಿ. ಫೋನು ಅವಳ ಮೈಕೆಳಗೆ ಸಿಕ್ಕಿತ್ತು, ಯಾರಿಗೂ ಕಾಣಲಿಲ್ಲ. ಫ್ಯೂಸಣ್ಣ ಬಾಯ್ಲರ್ ಕಡೆಯಿಂದ ಓಡಿಬಂದು ಫ್ಯೂಸ್ ಕಿತ್ತೆಸೆದ.”

“ಫ್ಯೂಸಣ್ಣ ಯಾರು?”

“ಮೆಕ್ಯಾನಿಕ್ಕು. ನಾವಿಟ್ಟ ಹೆಸರು. ಬಂಗಾರದಂಥ ಮನುಷ್ಯ.”

“ಫ್ಯೂಸ್ ಕಿತ್ತಾಗ ರೋಲರ್ ನಿಂತಿತಾ?”

“ಎಲ್ಲಿ ನಿಲ್ಲುತ್ತೆ! ಹಾಳಾದ್ದು ತಿರುಗ್ತಾನೇ ಇತ್ತು. ಸಿಕ್ಕಿಕೊಂಡಿದ್ದ ಬೆಡ್‌ಶೀಟ್ ಸೀದು ವಾಸನೆ ಬಂದ ಮೇಲೆ ನಾನೇ ಹೋಗಿ ಆಫ್ ಮಾಡಿದೆ.”

ಇನ್ಸ್‌ಪೆಕ್ಟರ್ ಫ್ಯೂಸುಗಳ ಪೆಟ್ಟಿಗೆಯ ಮುಂದೆ ಹೋಗಿ ನಿಂತರು. ರೋಲರಿನದು ಸಾಲಿನ ಮೊದಲಲ್ಲಿತ್ತು, ದೊಡ್ಡದು. ಚಾರ್ಜಿಂಗ್ ಬೋರ್ಡಿನದು ಕಟ್ಟಕಡೆಗೆ, ಕಿರುಬೆರಳಿನಷ್ಟು. ಯಾರೂ ಮರೆತು ಒಂದರ ಬದಲು ಇನ್ನೊಂದನ್ನು ಕೀಳುವಂತಿರಲಿಲ್ಲ.

ಸಂಜೆ ಆಸ್ಪತ್ರೆಯಲ್ಲಿ ಚಾಲಕನ ಹೆಂಡತಿ ದಿಂಬಿಗೆ ಒರಗಿ ಕುಳಿತಿದ್ದಳು. ಬಲಗೈಗೆ ಪಟ್ಟಿ ಸುತ್ತಿತ್ತು. ದನಿ ಸಣ್ಣದಾದರೂ ಸ್ಪಷ್ಟವಾಗಿತ್ತು.

“ಒಂದು ತಿಂಗಳಿಂದ ಚುರ್ ಅಂತಿತ್ತು ಮೇಡಂ, ಎಲ್ಲರ ಫೋನೂ.”

“ಯಾರಿಗೂ ಹೇಳಲಿಲ್ವಾ?”

“ಫ್ಯೂಸಣ್ಣಂಗೆ ಹೇಳಿದ್ವಿ. ಅದಕ್ಕೇ ಹೇಳೋದು, ಚಾರ್ಜಿಗೆ ಹಾಕಿದ ಮೇಲೆ ಅದರ ಸಹವಾಸಕ್ಕೆ ಹೋಗಬೇಡ್ರಮ್ಮ ಅಂದ.”

“ಬೋರ್ಡು ಬಿಚ್ಚಿ ನೋಡಿದ್ನಾ?”

“ಇಲ್ಲ. ಅದೊಂದೇ ವಿಚಿತ್ರ. ಇಲ್ಲಾಂದ್ರೆ ಒಂದು ಬಲ್ಬ್ ಮಿಣುಕಿದ್ರೂ ಏಣಿ ಹತ್ತೋ ಆಸಾಮಿ.”

“ಶನಿವಾರ ಫೋನ್ ಯಾಕೆ ಎತ್ತಿದ್ರಿ?”

“ಮಗಳ ಕರೆ. ಈಜೋ ಸ್ಪರ್ಧೆಗೆ ಹೋಗಿದ್ಲು. ಕೈ ಒದ್ದೆ, ಇನ್ನೊಂದು ಕೈ ಸ್ಟೀಲ್ ಗಾಡಿ ಮೇಲೆ. ಆಸೆ ತಡೀಲಿಲ್ಲ.”

“ಗೆದ್ಲಾ?”

“ಎರಡನೆಯವಳು.” ಅವಳ ಮುಖ ಅರಳಿತು. “ನೀರಲ್ಲಿದ್ದ ಅವಳಿಗೇನೂ ಆಗಲಿಲ್ಲ, ದಡದಲ್ಲಿದ್ದ ನಾನು ಮುಳುಗಿದೆ ನೋಡಿ.”

ಮರುದಿನ ಬೆಳಿಗ್ಗೆ ಮೆಕ್ಯಾನಿಕ್ಕನ್ನು ಠಾಣೆಗೆ ಕರೆಸಿದರು. ನಲವತ್ತು ದಾಟಿದ, ಬಗ್ಗಿದ ಬೆನ್ನಿನ ಮನುಷ್ಯ. ಕುಳಿತುಕೊಳ್ಳಿ ಎಂದರೂ ನಿಂತೇ ಇದ್ದ.

“ಆಕೆ ಬಿದ್ದಾಗ ಎಲ್ಲಿದ್ರಿ?”

“ಬಾಯ್ಲರ್ ಹತ್ರ.”

“ಅಲ್ಲಿಂದ ಚಾರ್ಜಿಂಗ್ ಬೋರ್ಡು ಕಾಣುತ್ತಾ?”

“ಇಲ್ಲ.”

“ಯಾವ ಫ್ಯೂಸ್ ಕಿತ್ರಿ?”

ಅವನು ಕುರ್ಚಿಯ ಬೆನ್ನು ಹಿಡಿದುಕೊಂಡ.

“ಎಲ್ಲರೂ ರೋಲರ್ ಅಂದ್ಕೊಂಡ್ರು. ರೋಲರ್ ಮಾತ್ರ ತಿರುಗ್ತಾನೇ ಇತ್ತಂತೆ.”

ಅವನು ಈಗ ಕುಳಿತ. “ಕೊನೇದು ಮೇಡಂ. ಕೊನೇ ಫ್ಯೂಸ್ ಕಿತ್ತೆ. ಅವಳು ಬಿದ್ದ ಸದ್ದು ಕೇಳಿದ ಕೂಡ್ಲೇ ಗೊತ್ತಾಯ್ತು, ಇದು ನಾನು ಮಾಡಿಟ್ಟಿದ್ದೇ ಅಂತ.”

“ಯಾಕೆ ಮಾಡಿದ್ರಿ?”

“ನನ್ನ ಹೆಂಡ್ತೀನೂ ಅದೇ ರೋಲರಲ್ಲಿ ಕೆಲಸ ಮಾಡ್ತಿದ್ಲು. ಎರಡು ವರ್ಷದ ಹಿಂದೆ ಚಾರ್ಜಿಗೆ ಹಾಕಿದ್ದ ಫೋನು ರಿಂಗಾಯ್ತು. ಒಂದು ಕೈಲಿ ಬೆಡ್‌ಶೀಟ್ ಹಿಡ್ಕೊಂಡೇ ಆ ಕಡೆ ತಿರುಗಿದ್ಲು. ಮೂರು ಬೆರಳು ಹೋಯ್ತು.” ಅವನು ಗೋಡೆ ನೋಡುತ್ತ ಮಾತಾಡಿದ. “ರೋಲರಿಗೆ ತಡೆಕಂಬಿ ಹಾಕ್ಸಿ, ಕೈ ತಗುಲಿದ್ರೆ ಯಂತ್ರ ತಾನಾಗೇ ನಿಲ್ಲುತ್ತೆ ಅಂತ ಮಾಲೀಕರಿಗೆ ಅಂಗಲಾಚಿದೆ. ಕೆಲಸ ನಿಧಾನ ಆಗುತ್ತೆ ಅಂದ್ರು. ಬೋರ್ಡಾದ್ರೂ ಬೇರೆ ಕಡೆ ಹಾಕ್ತೀನಿ ಅಂದೆ. ಇರ್ಲಿ ಬಿಡು ಅಂದ್ರು. ಕೆಲಸದ ನಡುವೆ ಫೋನು ಮುಟ್ಟಬೇಡಿ ಅಂತ ಹೆಂಗಸರಿಗೆ ಹೇಳಿದೆ, ನಕ್ಕರು. ಚುರ್ ಅಂದ್ರೆ ಭಯಕ್ಕಾದ್ರೂ ಫೋನು ಮುಟ್ಟೋದು ಬಿಡ್ತಾರೆ ಅಂದ್ಕೊಂಡೆ. ಅದು ಸುಟ್ಟುಹೋಗಬಹುದು ಅನ್ನೋದು... ಯೋಚನೆ ಮಾಡಬೇಕಿತ್ತು. ಮಾಡಲಿಲ್ಲ.”

ಬಾಗಿಲಲ್ಲಿ ನಿಂತಿದ್ದ ದಫೇದಾರರು ಗಂಟಲು ಸರಿಪಡಿಸಿಕೊಂಡರು. “ಮೇಡಂ, ಆ ಹೆಣ್ಣುಮಗಳನ್ನ ಉಳಿಸಿದವನೂ ಇವನೇ ಅಲ್ವಾ...”

“ಅದನ್ನೂ ಬರೆಯೋಣ. ಇವರು ಹಾಕಿದ್ದ ಬೆಸುಗೆಯನ್ನೂ ಬರೆಯೋಣ. ನ್ಯಾಯಾಲಯ ತೂಗಲಿ,” ಎಂದರು ಇನ್ಸ್‌ಪೆಕ್ಟರ್. “ತಡೆಕಂಬಿ ಬೇಡ ಅಂದ ಮಾಲೀಕರನ್ನೂ ಸೇರಿಸಿ. ಕಾರ್ಖಾನೆ ಪರಿವೀಕ್ಷಕರಿಗೆ ಇವತ್ತೇ ವರದಿ ಹೋಗಲಿ.”

ಹನ್ನೊಂದೂವರೆಗೆ ಮೆಕ್ಯಾನಿಕ್ಕಿನ ಬಂಧನವಾಯಿತು. ಬಂಧನದ ತಿಳಿವಳಿಕೆ ಪತ್ರಕ್ಕೆ ಮನೆಯವರ ಸಹಿ ಬೇಕಿತ್ತು. ಹೆಂಡತಿ ಬಂದಳು. ಬಲಗೈಯನ್ನು ಸೆರಗಿನೊಳಗೇ ಇಟ್ಟುಕೊಂಡು, ಎಡಗೈಯಲ್ಲಿ ನಿಧಾನವಾಗಿ, ಅಕ್ಷರ ಕಲಿಯುವವಳ ಹಾಗೆ ಸಹಿ ಮಾಡಿದಳು. ಆಮೇಲೆ ಗಂಡನ ಮುಂದೆ ಹೋಗಿ ನಿಂತಳು.

“ನನ್ನ ಹತ್ರ ಒಂದು ಮಾತು ಹೇಳಬಾರದಿತ್ತಾ?”

ಅವನು ತಲೆ ತಗ್ಗಿಸಿದ.

“ಹೇಳಿದ್ರೆ ನಾನೇ ಹೋಗಿ ಅವರಿಗೆಲ್ಲ ಈ ಕೈ ತೋರಿಸ್ತಿದ್ದೆ. ಇದಕ್ಕಿಂತ ದೊಡ್ಡ ಶಾಕ್ ಬೇಕಿತ್ತೇನ್ರೀ?”

ಅವನಿಗೆ ಅಳು ಒತ್ತರಿಸಿ ಬಂತು. ಅವಳು ಸೆರಗಿನಿಂದ ಕೈ ಹೊರತೆಗೆದು ಅವನ ತೋಳ ಮೇಲಿಟ್ಟಳು. ಠಾಣೆಯಲ್ಲಿ ಯಾರೂ ಆ ಕಡೆ ನೋಡಲಿಲ್ಲ.

ಎರಡು ತಿಂಗಳ ನಂತರ, ಒಂದು ಹೆಚ್ಚುವರಿ ಹೇಳಿಕೆಗಾಗಿ ಇನ್ಸ್‌ಪೆಕ್ಟರ್ ಮತ್ತೆ ಲಾಂಡ್ರಿಗೆ ಹೋದರು. ಮೆಕ್ಯಾನಿಕ್ಕು ಜಾಮೀನಿನ ಮೇಲಿದ್ದ. ಮೊಕದ್ದಮೆ ಇನ್ನೂ ನಡೆಯುತ್ತಿತ್ತು. ಕಾರ್ಖಾನೆ ಪರಿವೀಕ್ಷಕರ ಆದೇಶದಂತೆ ರೋಲರಿನ ಬಾಯಿಗೆ ಹಳದಿ ಬಳಿದ ತಡೆಕಂಬಿ ಬಂದಿತ್ತು. ಚಾರ್ಜಿಂಗ್ ಬೋರ್ಡು ಊಟದ ಕೋಣೆಯ ಒಣ ಗೋಡೆಗೆ ಹೋಗಿತ್ತು. ಬಸ್ ಚಾಲಕನ ಹೆಂಡತಿ ಕೆಲಸಕ್ಕೆ ಮರಳಿದ್ದಳು. ಹೊಸಬರಿಗೆ ಕೆಲಸ ಕಲಿಸಲು ಒಬ್ಬರು ಬೇಕು ಎಂದಾಗ, ಅವಳೇ ಮೆಕ್ಯಾನಿಕ್ಕಿನ ಮನೆಗೆ ನಡೆದುಹೋಗಿ ಅವನ ಹೆಂಡತಿಯನ್ನು ಕರೆತಂದಿದ್ದಳು.

“ಅವನ ಮೇಲೆ ಸಿಟ್ಟಿಲ್ವಾ?” ಎಂದು ಇನ್ಸ್‌ಪೆಕ್ಟರ್ ಚಾಲಕನ ಹೆಂಡತಿಯನ್ನು ಕೇಳಿದರು.

“ಇಲ್ದೇ ಏನು? ಸಿಕ್ಕಿದಾಗಲೆಲ್ಲ ಬೈತೀನಿ. ಬೈಯೋಕೆ ನಾನಿರೋದು ಅವನಿಂದಲೇ ಅಂತಾನೂ ಹೇಳ್ತೀನಿ.”

ರೋಲರಿನ ಮುಂದೆ ಆ ದಿನವಷ್ಟೇ ಸೇರಿದ್ದ ಹುಡುಗಿಯೊಬ್ಬಳು ಮುದುಡಿ ನಿಂತಿದ್ದಳು. ಮೆಕ್ಯಾನಿಕ್ಕಿನ ಹೆಂಡತಿ ಬಲಗೈ ಮುಂದೆ ಚಾಚಿ, “ಮುಟ್ಟಿ ನೋಡು ಬಾ,” ಎಂದಳು. ಹುಡುಗಿ ಉಳಿದ ಎರಡು ಬೆರಳನ್ನು ಮೆಲ್ಲಗೆ ಮುಟ್ಟಿದಳು.

“ನೋವಾಗುತ್ತಾ ಅಕ್ಕ?”

“ಚಳಿಗಾಲದಲ್ಲಿ ಸ್ವಲ್ಪ. ಈಗ ಬಟ್ಟೆ ಹಿಡಿ. ಕಣ್ಣು ಇಲ್ಲಿರಲಿ.”

ಇಬ್ಬರೂ ಒದ್ದೆ ಬೆಡ್‌ಶೀಟಿನ ಎರಡು ಅಂಚು ಹಿಡಿದು ಒಟ್ಟಿಗೇ ಕೈ ಮುಂದೆ ಚಾಚಿದರು. ಅದು ಪೂರ್ತಿ ಒಳಗೆ ಹೋಗಿ ಆ ಕಡೆ ಹೊರಬರುವ ತನಕ ಇನ್ಸ್‌ಪೆಕ್ಟರ್ ಅಲ್ಲೇ ನಿಂತು ನೋಡಿದರು.