ಸೌಂಡ್‌ಬಾಕ್ಸ್ ಮಾತ್ರ ಕದ್ದವರು

೧೯೫೪ರ ಫೆಬ್ರವರಿಯ ಒಂದು ಬೆಳಿಗ್ಗೆ ಸಂಪಾಜೆ ಠಾಣೆಗೆ ಬಂದ ದೂರನ್ನು ಕೇಳಿ ಕಾನ್‌ಸ್ಟೇಬಲ್ ಮುತ್ತನಿಗೆ ನಗು ತಡೆಯಲಾಗಲಿಲ್ಲ. ಕಾಫಿ ತೋಟದ ಉತ್ತಯ್ಯನವರ ಮನೆಯಲ್ಲಿ ಗ್ರಾಮಫೋನಿನ ಸೌಂಡ್‌ಬಾಕ್ಸ್ ಕಳುವಾಗಿತ್ತು. ಪಿನ್ನು ಸಿಕ್ಕಿಸುವ ಆ ಗುಂಡನೆಯ ಭಾಗವೊಂದೇ.

"ಕಳ್ಳನಿಗೆ ಪೆಟ್ಟಿಗೆ ಭಾರ ಆಗಿರ್ಬೇಕು ಸಾರ್," ಎಂದ ಮುತ್ತ.

ಇನ್‌ಸ್ಪೆಕ್ಟರ್ ದೇರಪ್ಪ ನಗಲಿಲ್ಲ. ಎಫ್‌ಐಆರ್ ದಾಖಲಿಸಿ ಹೊರಟರು.

ಪಂಚನಾಮೆ ಬರೆಸುವಾಗ ಅವರಿಗೆ ತಲೆಬುಡ ತಿಳಿಯಲಿಲ್ಲ. ಬೆಳ್ಳಿ ಹಿಡಿಯ ಕತ್ತಿ ಗೋಡೆಯಲ್ಲೇ ಇತ್ತು. ಇನ್ನೂ ತೆರೆಯದ ಪಿನ್ನಿನ ಡಬ್ಬಿ ಅಲ್ಲೇ ಇತ್ತು. ತಿರುಗುವ ತಟ್ಟೆಯ ಮೇಲೆ ಪ್ಲೇಟೂ ಹಾಗೇ ಇತ್ತು.

"ಅದು ನನ್ನ ತಮ್ಮ ಕುಶಾಲಪ್ಪನ ಪ್ಲೇಟು," ಎಂದರು ಉತ್ತಯ್ಯ. "ಯುದ್ಧಕ್ಕೆ ಹೋಗುವಾಗ ಕ್ಯಾಂಪಿನಲ್ಲಿ ಮಾತಾಡಿ, ತನ್ನ ದನಿ ಇದರಲ್ಲಿ ತುಂಬಿಸಿ ಕಳಿಸಿದ್ದ. ಬರ್ಮಾದಿಂದ ವಾಪಸ್ ಬರಲಿಲ್ಲ. ನೆಂಟರು ಬಂದಾಗೆಲ್ಲ ಕೇಳಿಸ್ತೇನೆ. ಕುಶಾಲನಗರದ ಸಿದ್ದಣ್ಣನ ಅಂಗಡಿಗೂ ಆಳು ಕಳಿಸಿದೆ, ಇದಕ್ಕೆ ಹೊಂದುವ ಸೌಂಡ್‌ಬಾಕ್ಸ್ ಇಲ್ಲವಂತೆ."

ಮೂಲೆಯಲ್ಲಿ ಕೂತಿದ್ದ ಅವರ ತಾಯಿ ಹೊನ್ನಮ್ಮ ತಲೆಯೆತ್ತಿದರು. "ಕಳ್ಳ ಅಲ್ಲ. ನನ್ನ ಕುಶಾಲ ಬಂದದ್ದ್. ಮೊನ್ನೆ ನಾವೆಲ್ಲ ಮದುವೆ ಮನೆಗೆ ಹೋಗುವಾಗ ಈ ತೂಗುದೀಪದಲ್ಲಿ ಎಣ್ಣೆ ಇಲ್ಲೆ. ಬಂದು ನೋಡಿದರೆ ತುಂಬಿ ಉರೀತಾ ಉಟ್ಟು. ಕಳ್ಳ ದೀಪಕ್ಕೆ ಎಣ್ಣೆ ಹಾಕ್ದು ಉಟ್ಟಾ?"

ಅಂದಿನಿಂದ ಮನೆಯವರು ಕತ್ತಲಾದ ಮೇಲೆ ಆ ಕೋಣೆಗೆ ಕಾಲಿಟ್ಟಿರಲಿಲ್ಲ. ದೇರಪ್ಪ ದೀಪದ ಕೆಳಗೆ ನಿಂತು ಮೇಲೆ ನೋಡಿದರು. ಬತ್ತಿಯನ್ನು ಯಾರೋ ಅಚ್ಚುಕಟ್ಟಾಗಿ ಮೇಲೆತ್ತಿದ್ದರು.

"ಎಣ್ಣೆ ಎಲ್ಲಿಡ್ತೀರಿ?"

"ಭತ್ತದ ಪತ್ತಾಯದ ಹಿಂದೆ."

"ಯಾರಿಗೆ ಗೊತ್ತು?"

"ದೀಪ ಹಚ್ಚುವ ಹೆಂಗಸರಿಗೆ. ನನಗೆ, ಸೊಸೆಗೆ." ಹೊನ್ನಮ್ಮ ನೆನಪಿಸಿಕೊಂಡು ಸೇರಿಸಿದರು. "ಮೊದಲು ಯಮುನ ಹಚ್ಚುತ್ತಿದ್ದಳು. ಕುಶಾಲನ ಹೆಂಡತಿ. ಈಗ ಬೇರೆ ಮದುವೆಯಾಗಿ ಶಿರಂಗಾಲದಲ್ಲಿ ಉಟ್ಟು."

ಉತ್ತಯ್ಯನವರ ಹೆಂಡತಿ ಅಂದು ಮದುವೆ ಮನೆಯಿಂದ ಕದಲಿರಲಿಲ್ಲ, ಊರೇ ಸಾಕ್ಷಿ. ಶಿರಂಗಾಲದ ದಾರಿಯಲ್ಲಿ ದೇರಪ್ಪ ಸಿದ್ದಣ್ಣನ ಅಂಗಡಿಗೆ ಹೋದರು.

"ಯಮುನ ಅನ್ನೋರು ಬಂದಿದ್ರಾ?"

"ಎರಡು ಸಲ ಬಂದಿದ್ರು ಸಾರ್. ಮೊದಲ ಸಲ ಒಂದು ಡಬ್ಬಿ ಪಿನ್ನು ತಗೊಂಡ್ರು. ಆಮೇಲೆ ಬಂದು, ಉತ್ತಯ್ಯನವರ ಪೆಟ್ಟಿಗೆಯ ನಮೂನೆ ಸೌಂಡ್‌ಬಾಕ್ಸ್ ಹೊಸದು ಸಿಗ್ತದಾ ಅಂತ ಕೇಳಿದ್ರು. ಬೊಂಬಾಯಿಯಿಂದಲೂ ಬರೋಲ್ಲ ಕಣಮ್ಮಾ ಅಂದೆ."

"ಬೇಸರ ಮಾಡಿಕೊಂಡರಾ?"

ಸಿದ್ದಣ್ಣ ತಲೆ ಕೆರೆದುಕೊಂಡ. "ಅದೇ ಸಾರ್ ವಿಚಿತ್ರ. ಸಮಾಧಾನ ಆದಂಗೆ ಕಂಡ್ರು."

ಶಿರಂಗಾಲದ ಮನೆಯಲ್ಲಿ ಯಮುನ ಒಂದು ಮಾತೂ ಬಚ್ಚಿಡಲಿಲ್ಲ. ಅಕ್ಕಿಯ ಮಡಕೆಗೆ ಕೈ ಹಾಕಿ ಸೌಂಡ್‌ಬಾಕ್ಸ್ ತೆಗೆದುಕೊಟ್ಟಳು. ಅದರಲ್ಲಿದ್ದ ಪಿನ್ನಿನ ಮೊನೆ ಸವೆದು ಮೊಂಡಾಗಿತ್ತು.

"ಯಾಕೆ ತೆಗೆದಿರಿ?"

"ಒಂದೇ ಪಿನ್ನಿನಲ್ಲಿ ಭಾವ ಎಷ್ಟು ಸಲ ಹಾಕ್ದು ಸಾರ್? ಪ್ಲೇಟು ಕೆರೆದು ಹೋಗ್ತದೆ. ಡಬ್ಬಿ ಪಿನ್ನು ತಂದುಕೊಟ್ಟೆ, ಒಡೆಯಲೂ ಇಲ್ಲೆ. ಹುತ್ತರಿ ಹಬ್ಬಕ್ಕೆ ಅತ್ತೆಯನ್ನು ನೋಡಲು ಹೋದಾಗ ನೆಂಟರಿಗೆ ಕೇಳಿಸಿದರು. ಮೊದಲು ಅದರಲ್ಲಿ ಅವರು 'ಯಮುನ' ಅಂತ ಕರೀತಿದ್ದರು. ಈಗ ಆ ಜಾಗದಲ್ಲಿ ಬರೀ ಕರಕರ. ಇನ್ನು 'ಅಮ್ಮ' ಅಂದದ್ದೂ ಹೋಗ್ತದೆ."

"ಪ್ಲೇಟನ್ನೇ ತರಬಹುದಿತ್ತಲ್ಲ?"

"ಅದು ಅತ್ತೆಯದ್ದು. ಅವರ ಮಗ ಅವರ ಮನೆಯಲ್ಲೇ ಇರಲಿ."

"ದೀಪಕ್ಕೆ ಎಣ್ಣೆ ಹಾಕಿದ್ದು?"

ಯಮುನ ಬೆಚ್ಚಿ ನೋಡಿದಳು. ಹಾಕಿದ್ದು ಅವಳಿಗೇ ನೆನಪಿರಲಿಲ್ಲ. "ನಂದಿ ಹೋಗ್ತಿತ್ತು," ಎಂದಳು ಮೆಲ್ಲಗೆ.

ದೇರಪ್ಪ ಸವೆದ ಪಿನ್ನಿನ ಮೊನೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆದರೂ ಮಹಜರು ಬರೆಸಿ ಅವಳನ್ನು ದಸ್ತಗಿರಿ ಮಾಡಿದರು.

ಮರುದಿನ ವಸ್ತು ಗುರುತಿಸಲು ಉತ್ತಯ್ಯ ತಾಯಿಯೊಂದಿಗೆ ಠಾಣೆಗೆ ಬಂದರು. ಗ್ರಾಮಫೋನು, ಪ್ಲೇಟು ಎರಡನ್ನೂ ಹೊತ್ತು ತಂದಿದ್ದರು. "ಹಾಕಿ ನೋಡುವ ಸಾರ್, ಕೆಟ್ಟಿದೆಯೋ ಏನೋ."

"ಆಗೋದಿಲ್ಲ," ಎಂದು ದೇರಪ್ಪ ಸೌಂಡ್‌ಬಾಕ್ಸನ್ನು ಬಟ್ಟೆಯಲ್ಲಿ ಸುತ್ತಿ ಅರಗಿನ ಮುದ್ರೆ ಒತ್ತಿದರು. "ಇದು ಮುದ್ದೆಮಾಲು, ಕೋರ್ಟಿಗೆ ಸಾಕ್ಷಿ. ಕೇಸು ಮುಗಿಯುವ ತನಕ ಯಾರೂ ಮುಟ್ಟುವಂತಿಲ್ಲ." ಯಮುನ ಕದ್ದದ್ದು ಏಕೆಂದು ಆಮೇಲೆ ನಾಲ್ಕು ಮಾತಿನಲ್ಲಿ ಹೇಳಿದರು.

ಉತ್ತಯ್ಯ ತಲೆ ತಗ್ಗಿಸಿದರು. ಹೊನ್ನಮ್ಮ ಬೆಂಚಿನ ಮೇಲಿದ್ದ ಯಮುನಳ ಪಕ್ಕ ಹೋಗಿ ಕೂತರು. ಪ್ಲೇಟನ್ನು ಮಗನ ಕೈಯಿಂದ ತೆಗೆದು ಸೆರಗಿನಲ್ಲಿ ಮುಚ್ಚಿಕೊಂಡಿದ್ದರು.

"ಕೇಸು ಎಷ್ಟು ಸಮಯ ನಡೀತದೆ ಸಾರ್?" ಎಂದು ಆಕೆಯೇ ಕೇಳಿದರು.

"ಹೇಳಲಾಗದು. ವರ್ಷ ಕಳೆದರೂ ಕಳೆಯಬಹುದು."

"ಇವಳನ್ನು ಬೇಗ ಬಿಡಿ," ಎಂದರು ಹೊನ್ನಮ್ಮ, ಅರಗಿನ ಮುದ್ರೆ ಒತ್ತಿದ ಗಂಟಿನತ್ತ ನೋಡುತ್ತಾ. "ಅದನ್ನು ಬಿಡಬೇಡಿ."